ಅತ್ತೆಮ್ಮನ ಹದಿನೇಳು ಮೊಟ್ಟೆ

ಮೊಟ್ಟೆಯಕ್ಕ ಆ ಬೆಳಿಗ್ಗೆ ಹದಿನೇಳು ಮೊಟ್ಟೆಗಳನ್ನು ತಿರುಗಿಸಿದ್ದು ಪ್ರೀತಿಯಿಂದಲೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ವಿಷಯ ಗೊತ್ತಾದವರಲ್ಲಿ ಹಲವರು ಅವಳನ್ನು ಬಾಯಿಗೆ ಬಂದಂತೆ ಬೈದರು, ಅವಳೂ ತನ್ನನ್ನು ತಾನು ಸಾಕಷ್ಟು ಬೈದುಕೊಂಡಳು. ಆದರೆ ಇಪ್ಪತ್ತಾರು ವರ್ಷ ಕೋಳಿಮರಿ ಮಾಡುವ ಕಾರ್ಖಾನೆಯಲ್ಲಿ ದುಡಿದವಳಿಗೆ ಮೊಟ್ಟೆ ಕಂಡರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಯಾರೂ ಹೇಳಿಕೊಡಲಿಲ್ಲ ಕೂಡ, ಎಡವಟ್ಟಾದದ್ದು ಅಲ್ಲಿಯೇ.

ಕೋಳಿಮೊಟ್ಟೆಯನ್ನು ಶಾಖದಲ್ಲಿಟ್ಟು ಸುಮ್ಮನೆ ಬಿಟ್ಟರೆ ಒಳಗಿನ ಮರಿ ಚಿಪ್ಪಿಗೆ ಅಂಟಿಕೊಂಡು ಸಾಯುತ್ತದೆ. ಅದಕ್ಕೇ ತಾಯಿಕೋಳಿ ಕೊಕ್ಕಿನಿಂದ ಅದನ್ನು ಆಗಾಗ ಹೊರಳಿಸುತ್ತಿರುತ್ತದೆ. ಕಾರ್ಖಾನೆಯಲ್ಲಿ ಆ ಕೆಲಸ ಮೊಟ್ಟೆಯಕ್ಕನದು. ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲ್ಲಿನಲ್ಲಿ ಸಣ್ಣ ಗೀಟು ಹಾಕುತ್ತಿದ್ದಳು. ಬೆಳಿಗ್ಗೆ ಗೀಟು ಮೇಲೆ ಕಂಡರೆ ಇನ್ನೂ ತಿರುಗಿಸಿಲ್ಲ ಎಂದರ್ಥ, ಕೆಳಗೆ ಹೋಗಿದ್ದರೆ ಕೆಲಸ ಮುಗಿದಿದೆ ಎಂದರ್ಥ. ಬೆಳಿಗ್ಗೆ ಬಲಕ್ಕೆ, ಸಂಜೆ ಎಡಕ್ಕೆ. ಕೊನೆಗೆ ತಾನಾಗಿಯೇ ಮೊಟ್ಟೆ ತಿರುಗಿಸುವ ಯಂತ್ರ ಬಂತು, ಮೊಟ್ಟೆಯಕ್ಕನನ್ನು ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು.

ಆಮೆ ಸಾಕುವ ಈ ಕೇಂದ್ರದಲ್ಲಿ ಅವಳಿಗೆ ಕೆಲಸ ಸಿಕ್ಕಿ ನಾಲ್ಕನೇ ದಿನ ಅದು. ಉದ್ದನೆಯ ಒಂದು ಕಟ್ಟಡ, ಅದರ ಹಿಂದೆ ಎರಡು ಕೊಳ, ಒಳಗೆ ಬಿಸಿಪೆಟ್ಟಿಗೆ ಇಟ್ಟ ಒಂದು ಸಣ್ಣ ಕೋಣೆ. ಆ ಪೆಟ್ಟಿಗೆಗೆ ಗಾಜಿನ ಬಾಗಿಲು, ಒಳಗೆ ಒದ್ದೆ ಮರಳಿನ ತಟ್ಟೆ, ಮರಳಿನಲ್ಲಿ ಅರ್ಧ ಹುದುಗಿದ ಹದಿನೇಳು ಮೊಟ್ಟೆಗಳು. ಪ್ರತಿಯೊಂದರ ತಲೆಯ ಮೇಲೂ ಪೆನ್ಸಿಲ್ಲಿನ ಗೀಟು.

ಅವು ಅತ್ತೆಮ್ಮನ ಮೊಟ್ಟೆಗಳು. ಅತ್ತೆಮ್ಮ ಎಂದರೆ ಹಿಂದಿನ ಕೊಳದ ಹೆಣ್ಣಾಮೆ. ಹತ್ತಿರ ಹೋದವರನ್ನು ಕಚ್ಚಲು ಬರುತ್ತಿದ್ದಳು, ಊಟ ಐದು ನಿಮಿಷ ತಡವಾದರೆ ಮೂಲೆ ಸೇರಿ ಎಲ್ಲರಿಗೂ ಬೆನ್ನು ಹಾಕಿ ಕೂರುತ್ತಿದ್ದಳು. ಹೆಸರು ಅದಕ್ಕೇ ಬಂತು. ಅವಳ ಜಾತಿಯ ಹೆಣ್ಣು, ಅವಳನ್ನು ಹಿಡಿದು ತಂದ ನದಿಯಲ್ಲಿ ಇನ್ನೊಂದು ಇದೆಯೋ ಇಲ್ಲವೋ ಹೇಳುವವರಿಲ್ಲ. ಅವಳ ಜೊತೆಗಿದ್ದ ಗಂಡಾಮೆ, ಅಂದರೆ ಮಾವನವರು, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಲ್ಲಿಂದೀಚೆಗೆ ಅತ್ತೆಮ್ಮ ಬೇರೆ ಗಂಡಿನ ಮುಖ ನೋಡಿದವಳಲ್ಲ. ಆದರೂ ಸೋಮವಾರ ನಸುಕಿನಲ್ಲಿ ಮರಳು ತೋಡಿ ಮೊಟ್ಟೆ ಇಟ್ಟಳು.

"ಇದೇನ್ ಮೇಡಂ ಇದು? ಮಾವ ಹೋಗಿ ನಾಲ್ಕು ವರ್ಷ ಆಯ್ತಲ್ಲ!" ಎಂದು ಮೊಟ್ಟೆಯಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೇಳಿದ್ದಳು.

ಕೇಂದ್ರದ ಮುಖ್ಯಸ್ಥೆಯನ್ನು ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ಅವರು ನಗುವುದೇ ಅಪರೂಪ, ಆ ದಿನ ನಕ್ಕಿದ್ದರು. "ಹೆಣ್ಣಾಮೆ ಗಂಡಿನ ವೀರ್ಯಾನ ತನ್ನ ಹೊಟ್ಟೆ ಒಳಗೇ ಜೋಪಾನವಾಗಿ ಇಟ್ಕೊಂಡಿರುತ್ತೆ ಅಕ್ಕ. ವರ್ಷಗಟ್ಟಲೆ. ಬೇಕಾದಾಗ ಬೇಕಾದಷ್ಟು ತೆಗೆದು ಬಳಸುತ್ತೆ. ಆದರೆ ಅದು ಒಂದು ದಿನ ಮುಗಿಯುತ್ತೆ. ಮುಗೀತಾ ಇಲ್ವಾ ಅನ್ನೋದೇ ಈಗಿನ ಪ್ರಶ್ನೆ."

ಆ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಹದಿನಾಲ್ಕನೇ ದಿನ. ಅಂದು ಮೊಟ್ಟೆಗಳಿಗೆ ದೀಪ ಹಿಡಿದು ನೋಡುತ್ತಾರೆ. ಹದಿನೇಳರಲ್ಲಿ ಆರು ಖಾಲಿ ಬಂದರೆ ಮಾವನವರ ಗಂಟು ಕರಗಿತು ಎಂದು ಲೆಕ್ಕ. ಹಾಗಾದರೆ ಅತ್ತೆಮ್ಮನನ್ನು ಮುಂದಿನ ಗೇಟಿನ ಬಳಿ ಜನ ನೋಡುವ ಗಾಜಿನ ತೊಟ್ಟಿಗೆ ಹಾಕಿ, ಮರಳು ದಂಡೆಯಿರುವ ಹಿಂದಿನ ಕೊಳವನ್ನು ಬೇರೆ ಜಾತಿಯ ಆಮೆಗಳಿಗೆ ಕೊಡಬೇಕೆಂದು ಮೇಲಿನವರು ಬರೆದು ಕಳಿಸಿದ್ದರು. ತೊಟ್ಟಿಯಲ್ಲಿ ಮರಳಿಲ್ಲ. ಮರಳಿಲ್ಲದಿದ್ದರೆ ಆಮೆ ಮೊಟ್ಟೆ ಇಡುವುದಿಲ್ಲ. ಡಾಕ್ಟರಮ್ಮ ಆ ಕಾಗದವನ್ನು ಮಡಿಸಿ ಮಡಿಸಿ ಬೆರಳುಗುರಿನಷ್ಟು ಮಾಡಿ ಮೇಜಿನ ಖಾನೆಗೆ ತುರುಕಿದ್ದರು.

ಅವತ್ತು ಗುರುವಾರ. ಡಾಕ್ಟರಮ್ಮ ಬೇರೆ ಊರಿಗೆ ಸಭೆಗೆ ಹೋಗಿದ್ದರು. ಯಂತ್ರ ನೋಡಿಕೊಳ್ಳುವ ತಂತ್ರಜ್ಞ ಹೊಸ ತಂತಿ ತರಲು ಪೇಟೆಗೆ ಹೊರಟ. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಥರ್ಮಾಮೀಟರ್ ಎಂದು. ಮಾತಿಗೊಮ್ಮೆ ಡಿಗ್ರಿ ಹೇಳುತ್ತಿದ್ದ. "ಅಕ್ಕ, ಮೂವತ್ತೊಂದು ಡಿಗ್ರಿ ಇದ್ರೆ ಎಲ್ಲಾ ಹೆಣ್ಣುಮರಿ. ಇಪ್ಪತ್ತೇಳಕ್ಕೆ ಇಳಿದ್ರೆ ಎಲ್ಲಾ ಗಂಡು. ಆಮೆಗೆ ಗಂಡೋ ಹೆಣ್ಣೋ ಅನ್ನೋದು ಹೊಟ್ಟೇಲಿ ಆಗೋದಲ್ಲ, ಮರಳಲ್ಲಿ ಆಗೋದು. ನಮಗೆ ಬೇಕಾಗಿರೋದು ಹೆಣ್ಣು. ಪೆಟ್ಟಿಗೆ ಮೇಲಿನ ಡಿಗ್ರಿ ಮುಳ್ಳು ಅಲ್ಲಾಡದ ಹಾಗೆ ನೋಡ್ಕೊಳ್ಳಿ."

"ಮತ್ತೆ ಮೊಟ್ಟೆ?"

"ನಿಮಗೆ ಮೊಟ್ಟೆ ನೋಡ್ಕೊಳ್ಳೋದನ್ನ ನಾನು ಹೇಳ್ಕೊಡ್ಬೇಕಾ ಅಕ್ಕ?" ಎಂದು ನಕ್ಕು ಹೊರಟೇಹೋದ.

ಮೊಟ್ಟೆಯಕ್ಕನಿಗೆ ಆ ಮಾತಿನಿಂದ ಎದೆ ಉಬ್ಬಿತು, ಸುಳ್ಳೇಕೆ ಹೇಳಬೇಕು. ಕೈ ತೊಳೆದಳು, ಕೈಗವಸು ಹಾಕಿಕೊಂಡಳು, ಗಾಜಿನ ಬಾಗಿಲು ತೆರೆದಳು. ಹದಿನೇಳು ಗೀಟುಗಳೂ ಮೇಲೆಯೇ ಇದ್ದವು. ಅಯ್ಯೋ, ಸೋಮವಾರದಿಂದ ಒಬ್ಬರೂ ತಿರುಗಿಸಿಲ್ಲವಲ್ಲ, ದೊಡ್ಡ ದೊಡ್ಡ ಓದು ಓದಿದವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂದು ಮನಸ್ಸಿನಲ್ಲೇ ಮೂಗು ಮುರಿದಳು. ಒಂದೊಂದನ್ನೇ ಬಲಕ್ಕೆ ಹೊರಳಿಸಿ, ಗೀಟು ಕೆಳಗೆ ಹೋಗುವಂತೆ ಮರಳಿನಲ್ಲಿ ಕೂರಿಸಿದಳು. ಮುಳ್ಳು ಮೂವತ್ತೊಂದರಿಂದ ಕೂದಲೆಳೆಯಷ್ಟೂ ಕದಲಲಿಲ್ಲ.

ಥರ್ಮಾಮೀಟರ್ ಮರಳಿ ಬಂದದ್ದು ಹನ್ನೆರಡೂವರೆಗೆ. ಒಂದು ಕೈಯಲ್ಲಿ ತಂತಿಯ ಸುರುಳಿ, ಇನ್ನೊಂದರಲ್ಲಿ ಟೀ ಲೋಟ. ಮೊಟ್ಟೆಯಕ್ಕ ಮುಖ ಅರಳಿಸಿಕೊಂಡು ಹೇಳಿದಳು: "ಪಾಪ, ನಾಲ್ಕು ದಿನದಿಂದ ಹಾಗೇ ಬಿದ್ದಿದ್ವು. ಎಲ್ಲಾನೂ ತಿರುಗಿಸಿಟ್ಟಿದ್ದೀನಿ."

ಅವನಿಗೆ ಮೊದಲು ಅರ್ಥವಾಗಲಿಲ್ಲ. "ಏನನ್ನ?"

"ಮೊಟ್ಟೆ ಕಣಪ್ಪ."

ಟೀ ಲೋಟ ನೆಲಕ್ಕೆ ಬಿತ್ತು. ಅವನು ಗಾಜಿಗೆ ಮುಖ ಒತ್ತಿ ನೋಡಿದ. ಒಂದೂ ಗೀಟು ಕಾಣಲಿಲ್ಲ, ಹದಿನೇಳೂ ಬೆಳ್ಳಗಿದ್ದವು.

"ಅಕ್ಕ, ಆಮೆ ಮೊಟ್ಟೇನ ತಿರುಗಿಸಬಾರದು. ಇಟ್ಟ ಮೊದಲನೇ ದಿನವೇ ಒಳಗಿನ ಜೀವ ಮೇಲಕ್ಕೆ ಬಂದು ಚಿಪ್ಪಿನ ಒಳಮೈಗೆ ಅಂಟ್ಕೊಳ್ಳುತ್ತೆ. ಅಲ್ಲೇ ಬೆಳೆಯುತ್ತೆ. ಅದನ್ನ ತಲೆಕೆಳಗು ಮಾಡಿದ್ರೆ ಇಡೀ ಹಳದಿ ಅದರ ಮೇಲೆ ಕೂತುಬಿಡುತ್ತೆ. ಉಸಿರು ಕಟ್ಟಿ ಸತ್ತೇಹೋಗುತ್ತೆ. ಗೀಟು ಹಾಕಿರೋದೇ ಯಾವುದು ಮೇಲು ಅಂತ ಗೊತ್ತಾಗಲಿ ಅಂತ!"

ಇಪ್ಪತ್ತಾರು ವರ್ಷ ಯಾವುದರಿಂದ ಮರಿಗಳನ್ನು ಉಳಿಸಿದ್ದಳೋ ಅದರಿಂದಲೇ ಇವನ್ನು ಕೊಂದಿರಬಹುದು. ತಿರುಗಿಸಿದ್ದು ಹತ್ತು ಗಂಟೆಗೆ. ಎರಡೂವರೆ ಗಂಟೆ ಹದಿನೇಳು ಸಾಸಿವೆಯಷ್ಟು ಜೀವಗಳು ಹಳದಿಯ ಭಾರ ಹೊತ್ತು ಬಿದ್ದಿದ್ದವು, ಅವಳು ಪಕ್ಕದಲ್ಲೇ ಹಾಡು ಗುನುಗುತ್ತ ನೆಲ ಒರೆಸುತ್ತಿದ್ದಳು.

"ಮೇಡಂಗೆ ಫೋನ್ ಮಾಡಪ್ಪ."

ಮಾಡಿದರು. ಫೋನು ಆಫ್ ಆಗಿತ್ತು. ಥರ್ಮಾಮೀಟರ್ ಇನ್ನೊಮ್ಮೆ ಮಾಡುವ ಗೋಜಿಗೆ ಹೋಗದೆ ಕೈಗವಸು ಹಾಕಿಕೊಂಡ. "ನಾನೇ ತಿರುಗಿಸಿಬಿಡ್ತೀನಿ. ಗೀಟು ಮೇಲೆ ಬಂದ್ರೆ ಆಯ್ತು, ಯಾರಿಗೂ ಗೊತ್ತಾಗಲ್ಲ."

ಅವನು ಮೊದಲ ಮೊಟ್ಟೆಯನ್ನು ಹಿಡಿದು ಬಲಕ್ಕೆ ಹೊರಳಿಸತೊಡಗಿದಾಗ ಮೊಟ್ಟೆಯಕ್ಕ ಅವನ ಮಣಿಕಟ್ಟನ್ನು ಗಪ್ಪನೆ ಹಿಡಿದಳು. "ಆ ಕಡೆಗಲ್ಲ! ನಾನು ಬಲಕ್ಕೆ ಹೊರಳಿಸಿದ್ದು. ನೀನೂ ಬಲಕ್ಕೇ ಹೊರಳಿಸಿದ್ರೆ ಒಳಗಿರೋದೆಲ್ಲ ಸುತ್ತು ಹಾಕ್ಕೊಳ್ಳುತ್ತೆ. ಹೋದ ದಾರೀಲೇ ವಾಪಸ್ ಬರಬೇಕು. ಬಿಡು, ನಾನು ಮಾಡ್ತೀನಿ."

ಇದು ಆಮೆಗೆ ಸರಿಯೋ ತಪ್ಪೋ ಅವಳಿಗೂ ಗೊತ್ತಿರಲಿಲ್ಲ. ಕೈಗೆ ಗೊತ್ತಿದ್ದದ್ದು ಅಷ್ಟೇ. ಬೆಳಿಗ್ಗೆ ಪಟಪಟನೆ ಹೊರಳಿಸಿದ ಕೈ ಈಗ ಒಂದೊಂದು ಮೊಟ್ಟೆಗೂ ಎರಡು ನಿಮಿಷ ತೆಗೆದುಕೊಂಡಿತು. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ಎರಡು ಮೊಟ್ಟೆಗಳ ಗೀಟು ಒದ್ದೆ ಮರಳಿಗೆ ಉಜ್ಜಿ ಅಳಿಸಿಹೋಗಿತ್ತು. ಅವಕ್ಕೆ ಸಣ್ಣ ಬ್ಯಾಟರಿ ದೀಪ ಹಿಡಿದು ನೋಡಿದಳು. ಚಿಪ್ಪಿನಲ್ಲಿ ಒಂದು ಕಡೆ ಸುಣ್ಣ ಬಳಿದಂತೆ ಬಿಳಿ ಮಚ್ಚೆ ಕಂಡಿತು. ಜೀವ ಅಂಟಿಕೊಂಡ ಜಾಗ ಅದೇ ಎಂದು ಥರ್ಮಾಮೀಟರ್ ಹೇಳಿದ. ಆ ಮಚ್ಚೆ ಮೇಲೆ ಬರುವಂತೆ ಕೂರಿಸಿ ಗೀಟನ್ನು ಮತ್ತೆ ಹಾಕಿದಳು.

ಎಲ್ಲ ಮುಗಿಯುವಾಗ ಒಂದೂಕಾಲು. ಥರ್ಮಾಮೀಟರ್ ನೆಲದ ಟೀ ಒರೆಸಿ, ಗಾಜಿನ ಚೂರು ಆರಿಸಿ, ಅವಳ ಎದುರು ಕೈಮುಗಿದು ನಿಂತ. "ಅಕ್ಕ, ಇದು ನಮ್ಮಿಬ್ಬರಲ್ಲೇ ಇರಲಿ. ಕೋಣೆ ಬಿಟ್ಟು ಹೋಗಿದ್ದು ನಾನು. ಗೊತ್ತಾದ್ರೆ ಇಬ್ಬರ ಕೆಲಸಾನೂ ಹೋಗುತ್ತೆ. ನಮ್ಮಮ್ಮ ಆಸ್ಪತ್ರೇಲಿದ್ದಾರೆ, ನಿಮಗೆ ಗೊತ್ತಲ್ಲ. ಬದುಕಿದ್ರೆ ಬದುಕುತ್ವೆ. ಹೇಳಿದ್ರೆ ಮಾತ್ರ ಬದುಕ್ತಾವಾ?"

ಮೂರು ಗಂಟೆಗೆ ಡಾಕ್ಟರಮ್ಮ ಬಂದರು. ಚೀಲವನ್ನೂ ಇಳಿಸದೆ ನೇರ ಪೆಟ್ಟಿಗೆಯ ಬಳಿ ಹೋದರು. ಹದಿನೇಳು ಗೀಟು ಮೇಲೆ, ಮುಳ್ಳು ಮೂವತ್ತೊಂದರಲ್ಲಿ. "ನೀವಿದ್ದದ್ದು ಒಳ್ಳೇದಾಯ್ತು ಅಕ್ಕ. ಇವತ್ತು ಮೊದಲನೇ ಸಲ ನಿಶ್ಚಿಂತೆಯಿಂದ ಊರು ಬಿಟ್ಟು ಹೋಗಿದ್ದೆ" ಎಂದರು. ಆ ಕ್ಷಣ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳು "ಟೀ ತರ್ಲಾ ಮೇಡಂ?" ಎಂದಳು.

ಆಮೇಲಿನ ಹತ್ತು ದಿನ ಅವಳು ಹೇಗೆ ಕಳೆದಳೆಂದು ಅವಳ ಗಂಡನನ್ನೇ ಕೇಳಬೇಕು. ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದ ಆ ಮನುಷ್ಯ ಕಡಿಮೆ ಮಾತಿನವನು. ಊಟದ ತಟ್ಟೆ ಮುಂದಿಟ್ಟರೆ ಅವಳು ಅದನ್ನೇ ನೋಡುತ್ತ ಕೂರುತ್ತಿದ್ದಳು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಹೆದರುತ್ತಿದ್ದಳು. "ಏನಾಗಿದೆ ನಿಂಗೆ? ಕಟ್ಟಿಗೆ ಥರ ಮಲಗ್ತೀಯಲ್ಲ" ಎಂದು ಅವನು ಕೇಳಿದರೆ "ಏನಿಲ್ಲ, ಸೊಂಟ ಹಿಡ್ಕೊಂಡಿದೆ" ಎನ್ನುತ್ತಿದ್ದಳು. ಮೂರನೇ ದಿನ ಅವನು ಔಷಧಿ ಅಂಗಡಿಯಿಂದ ಸೊಂಟಕ್ಕೆ ಹಚ್ಚುವ ಮುಲಾಮು ತಂದುಕೊಟ್ಟ. ಅದನ್ನು ಹಚ್ಚಿಸಿಕೊಳ್ಳುತ್ತ ಅವಳು ದಿಂಬಿಗೆ ಮುಖ ಒತ್ತಿ ಅತ್ತಳು. ಔಷಧಿ ಉರಿಯುತ್ತಿದೆಯೇನೋ ಎಂದುಕೊಂಡು ಅವನು ಊದಿದ.

ಕೇಂದ್ರದಲ್ಲಿ ಅವಳು ಆ ಕೋಣೆಗೆ ಹೋಗುವುದನ್ನು ಆದಷ್ಟು ತಪ್ಪಿಸಿ ಹಿಂದಿನ ಕೊಳದ ಕೆಲಸವನ್ನೆಲ್ಲ ಮೈಮೇಲೆ ಎಳೆದುಕೊಂಡಳು. ಅತ್ತೆಮ್ಮನಿಗೆ ಸೊಪ್ಪು ಹಾಕುವುದು, ನೀರು ಬದಲಿಸುವುದು, ಚಿಪ್ಪಿನ ಪಾಚಿಯನ್ನು ಮೆತ್ತನೆಯ ಬ್ರಷ್ಷಿನಿಂದ ಉಜ್ಜುವುದು. ಉಜ್ಜುವಾಗ ಅತ್ತೆಮ್ಮ ಸೊಂಟ ಕುಣಿಸುತ್ತಿದ್ದಳು. ಚಿಪ್ಪೆಂದರೆ ಹೊದ್ದುಕೊಂಡ ಮುಚ್ಚಳವಲ್ಲ, ಅವಳ ಬೆನ್ನೆಲುಬು ಪಕ್ಕೆಲುಬುಗಳೇ ಅಗಲವಾಗಿ ಬೆಸೆದುಕೊಂಡದ್ದು, ಅದನ್ನು ಮುಟ್ಟಿದರೆ ಅವಳಿಗೆ ತಿಳಿಯುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಅದನ್ನು ಕೇಳಿದ ಮೇಲೆ ಮೊಟ್ಟೆಯಕ್ಕ ಇನ್ನೂ ಹಗುರವಾಗಿ ಉಜ್ಜತೊಡಗಿದಳು. ಆಮೆತಾಯಿ ಮೊಟ್ಟೆ ಇಟ್ಟು ಮರಳು ಮುಚ್ಚಿ ಹೋದರೆ ಮತ್ತೆ ತಿರುಗಿ ನೋಡುವವಳಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಅತ್ತೆಮ್ಮನಿಗೆ ಯಾವ ಚಿಂತೆಯೂ ಇರಲಿಲ್ಲ. ಚಿಂತೆಯೆಲ್ಲ ಇವಳ ಪಾಲಿಗೇ ಬಂದಿತ್ತು.

ಹದಿನಾಲ್ಕನೇ ದಿನ ಬಂತು. ಮಧ್ಯಾಹ್ನ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದರು. ಡಾಕ್ಟರಮ್ಮ ದೀಪವನ್ನು ತಾವು ಹಿಡಿಯದೆ ಅದನ್ನು ಮೊಟ್ಟೆಯಕ್ಕನ ಕೈಗೆ ಕೊಟ್ಟರು. "ನಾನು ವರ್ಷಕ್ಕೆ ಇಪ್ಪತ್ತು ಮೊಟ್ಟೆ ನೋಡೋಳು. ನೀವು ದಿನಕ್ಕೆ ಸಾವಿರ ನೋಡಿದವರು. ನಿಮ್ಮ ಕಣ್ಣೇ ಇವತ್ತಿನ ತೀರ್ಪು. ಎತ್ತಬೇಡಿ, ಇದ್ದ ಹಾಗೇ ಪಕ್ಕದಿಂದ ಬೆಳಕು ಬಿಡಿ. ಇವನು ಬರ್ಕೊಳ್ತಾನೆ."

ಥರ್ಮಾಮೀಟರ್ ದಪ್ಪ ಪುಸ್ತಕ ತೆರೆದು ಕೂತ. ಅದರಲ್ಲಿ ಮೂರು ಸಾಲು ಗೆರೆ ಎಳೆದಿತ್ತು: ಜೀವ ಇದೆ, ಖಾಲಿ, ಸತ್ತಿದೆ. ಖಾಲಿ ಎಂದರೆ ಮೊದಲಿನಿಂದಲೇ ಜೀವವಿಲ್ಲದ್ದು, ಒಳಗೆ ಬರೀ ತಿಳಿ ಹಳದಿ. ಅದಕ್ಕೆ ಯಾರೂ ಹೊಣೆಯಲ್ಲ. ಸತ್ತಿದೆ ಎಂದರೆ ಜೀವ ಹುಟ್ಟಿ ಆಮೇಲೆ ಹೋದದ್ದು, ಒಳಗೆ ರಕ್ತದ ಸಣ್ಣ ಉಂಗುರ ಉಳಿದಿರುತ್ತದೆ. ಅದಕ್ಕೆ ಕಾರಣ ಬರೆಯಬೇಕು.

ಒಂದನೆಯದಕ್ಕೆ ಬೆಳಕು ಬಿಟ್ಟಳು. ಚಿಪ್ಪು ಕಿತ್ತಳೆ ಬಣ್ಣಕ್ಕೆ ಹೊಳೆಯಿತು, ಒಳಗೆ ಕೆಂಪು ನರಗಳ ಬಲೆ ಹರಡಿತ್ತು, ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು. "ಜೀವ ಇದೆ" ಎನ್ನುವಾಗ ಅವಳಿಗೆ ಅಳು ಬಂತು. ಎರಡನೆಯದೂ ಇತ್ತು. ಮೂರನೆಯದು ತಿಳಿ ಹಳದಿ, ನಿಜವಾಗಿಯೂ ಖಾಲಿ.

ನಾಲ್ಕನೆಯದರಲ್ಲಿ ಉಂಗುರ ಇತ್ತು. ನರವಿಲ್ಲ, ಮಿಡಿತವಿಲ್ಲ, ಕಂದುಬಣ್ಣದ ಒಂದು ವೃತ್ತ ಮಾತ್ರ. ಥರ್ಮಾಮೀಟರ್ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಬಾಯಿ ತೆರೆದಳು, ಬಾಯಿ ತನ್ನಷ್ಟಕ್ಕೇ "ಖಾಲಿ" ಎಂದಿತು. ಅವನು ಸರಕ್ಕನೆ ಬರೆದುಕೊಂಡ.

ಐದು, ಆರು, ಏಳರಲ್ಲಿ ಜೀವವಿತ್ತು. ಎಂಟು ಖಾಲಿ. ಒಂಬತ್ತರಲ್ಲಿ ಜೀವ. ಹತ್ತರಲ್ಲಿ ಮತ್ತೆ ಉಂಗುರ. "ಖಾಲಿ" ಎಂದಳು, ಈ ಸಲ ಮೊದಲಿಗಿಂತ ಸಲೀಸಾಗಿ ಬಂತು, ಅದೇ ಅವಳನ್ನು ಹೆದರಿಸಿತು. ಹನ್ನೊಂದರಲ್ಲಿ ಜೀವ. ಹನ್ನೆರಡು ಖಾಲಿ, ನಿಜಕ್ಕೂ ಖಾಲಿ. ಹದಿಮೂರರಲ್ಲಿ ಜೀವ.

"ಖಾಲಿ ಎಷ್ಟಾಯ್ತು?" ಡಾಕ್ಟರಮ್ಮ ಕೇಳಿದರು.

"ಐದು ಮೇಡಂ" ಎಂದ ಥರ್ಮಾಮೀಟರ್.

ಡಾಕ್ಟರಮ್ಮ ಕತ್ತಲಲ್ಲೇ ಕುರ್ಚಿ ಎಳೆದುಕೊಂಡು ಕೂತರು. "ಹಾಗಾದ್ರೆ ಅವಳ ಹೊಟ್ಟೇಲಿ ಇದ್ದದ್ದು ಮುಗೀತಾ ಬಂದಿದೆ. ಇನ್ನೊಂದು ಖಾಲಿ ಬಂದ್ರೆ ಕಾಗದಕ್ಕೆ ಸಹಿ ಹಾಕಲೇಬೇಕು. ನಾಳೆ ಅವಳನ್ನ ಗಾಜಿನ ತೊಟ್ಟಿಗೆ ಸಾಗಿಸ್ತಾರೆ." ಅವರ ಧ್ವನಿ ಸಣ್ಣದಾಗಿತ್ತು. "ನೋಡಿ ಅಕ್ಕ, ಹದಿನಾಲ್ಕನೇದು."

ಮೊಟ್ಟೆಯಕ್ಕ ಬೆಳಕು ಬಿಟ್ಟಳು. ಹದಿನಾಲ್ಕನೆಯದರಲ್ಲೂ ಉಂಗುರ.

ಥರ್ಮಾಮೀಟರ್ ಪೆನ್ನು ಹಿಡಿದು, ತುಟಿಯನ್ನಷ್ಟೇ ಅಲ್ಲಾಡಿಸಿ "ಖಾಲಿ" ಎಂದು ತೋರಿಸಿದ. ಒಂದೇ ಮಾತು. ಆ ಮಾತು ಆಡಿದರೆ ತಾನು ಉಳಿಯುತ್ತೇನೆ, ಅವನು ಉಳಿಯುತ್ತಾನೆ, ಆಸ್ಪತ್ರೆಯಲ್ಲಿರುವ ಅವನ ತಾಯಿಗೂ ತೊಂದರೆಯಿಲ್ಲ. ಹೊಟ್ಟೆಯೊಳಗೆ ನಾಲ್ಕು ವರ್ಷ ಗಂಡನ ಗಂಟು ಕಾಪಾಡಿಕೊಂಡು ಬಂದವಳಿಗೆ ಮಾತ್ರ ಬಂಜೆ ಎಂಬ ಹಣೆಪಟ್ಟಿ. ಅದನ್ನು ಅಂಟಿಸುವವಳು ಈ ಮೊಟ್ಟೆಯಕ್ಕ. ಅವಳಿಗೆ ತನ್ನ ಮೇಲೆಯೇ ಅಸಹ್ಯವೆನಿಸಿತು.

"ಇದು ಖಾಲಿ ಅಲ್ಲ ಮೇಡಂ" ಎಂದಳು. "ಸತ್ತಿದೆ. ನಾಲ್ಕನೇದೂ ಸತ್ತಿದೆ, ಹತ್ತನೇದೂ ಸತ್ತಿದೆ. ನಾನು ಸುಳ್ಳು ಹೇಳಿದೆ. ಮೂರರಲ್ಲೂ ಜೀವ ಇತ್ತು."

"ಹೇಗೆ ಸತ್ತವು?"

"ನಾನು ತಿರುಗಿಸಿದೆ. ನೀವು ಸಭೆಗೆ ಹೋದ ದಿನ. ಹತ್ತು ಗಂಟೆಗೆ ಎಲ್ಲಾ ಹದಿನೇಳನ್ನೂ ಬಲಕ್ಕೆ ಹೊರಳಿಸಿದೆ, ಕೋಳಿಮೊಟ್ಟೆ ಅಂದ್ಕೊಂಡು. ಗೊತ್ತಾದ ಮೇಲೆ ಎಡಕ್ಕೆ ವಾಪಸ್ ತಂದೆ. ಅಷ್ಟರಲ್ಲಿ ಎರಡೂವರೆ ಗಂಟೆ ಆಗಿಹೋಗಿತ್ತು. ಅತ್ತೆಮ್ಮಂದು ಏನೂ ತಪ್ಪಿಲ್ಲ ಮೇಡಂ. ಅವಳು ಕೊಟ್ಟಿದ್ದು ಸರಿಯಾಗೇ ಇತ್ತು."

ಡಾಕ್ಟರಮ್ಮ ಥರ್ಮಾಮೀಟರನ ಕಡೆ ತಿರುಗಿ "ನಿನಗೆ ಗೊತ್ತಿತ್ತಾ?" ಎಂದರು. ಅವನು ತಲೆ ತಗ್ಗಿಸಿದ. ಅವರು ಅವನ ಕೈಯಿಂದ ಪುಸ್ತಕ ಕಿತ್ತುಕೊಂಡು ತೊಡೆಯ ಮೇಲಿಟ್ಟುಕೊಂಡರು.

"ಹದಿನೈದು" ಎಂದರು.

ಹದಿನೈದರಲ್ಲಿ ಜೀವವಿತ್ತು. ಹದಿನಾರರಲ್ಲೂ ಇತ್ತು. ಅದು ಎಷ್ಟು ಗಟ್ಟಿಯಾಗಿ ಮಿಡಿಯುತ್ತಿತ್ತೆಂದರೆ ನರಗಳ ಬಲೆಯೇ ನಡುಗುವಂತೆ ಕಂಡಿತು. ಮೊಟ್ಟೆಯಕ್ಕ ಹದಿನೇಳನೆಯದಕ್ಕೆ ದೀಪ ಹಿಡಿದಳು. ಒಳಗೆ ಉಂಗುರ.

"ಇದೂ ಸತ್ತಿದೆ. ನನ್ನ ಕೈಯಿಂದಲೇ. ಬರ್ಕೊಳ್ಳಿ ಮೇಡಂ."

ಡಾಕ್ಟರಮ್ಮ ಬರೆದುಕೊಂಡರು. ಜೀವ ಇರುವುದು ಹತ್ತು, ಮೂರು ಖಾಲಿ, ನಾಲ್ಕು ಸತ್ತದ್ದು. ಕಾರಣ ಎಂಬಲ್ಲಿ ಎರಡು ಸಾಲು ಬರೆದು, ಪುಸ್ತಕ ಮುಚ್ಚಿ, ಕಿಟಕಿಯ ಕಪ್ಪು ಬಟ್ಟೆ ಎಳೆದುಹಾಕಿದರು. ಬೆಳಕು ಒಮ್ಮೆಲೇ ನುಗ್ಗಿ ಮೂವರೂ ಕಣ್ಣು ಮುಚ್ಚಿಕೊಂಡರು.

"ತಿರುಗಿಸಿದ್ದಕ್ಕೆ ನಿಮ್ಮನ್ನ ಬೈಯೋದಿಲ್ಲ" ಎಂದರು ಡಾಕ್ಟರಮ್ಮ. "ಹೇಳಿಕೊಡದೆ ಹೋದವಳು ನಾನು. ಆದರೆ ಹತ್ತು ದಿನ ನನ್ನ ಮುಂದೆ ಓಡಾಡ್ಕೊಂಡು ಸುಮ್ಮನಿದ್ರಲ್ಲ ಅಕ್ಕ. ನಾಳೆಯಿಂದ ನೀವು ಬರೋದು ಬೇಡ. ಅವನ ವಿಷಯ ಆಮೇಲೆ ನೋಡ್ತೀನಿ."

"ಸರಿ ಮೇಡಂ" ಎಂದಳು ಮೊಟ್ಟೆಯಕ್ಕ. ಒಂದು ಮಾತು ಕೇಳಲೇಬೇಕಿತ್ತು, ಕೇಳಿದಳು. "ಅತ್ತೆಮ್ಮ?"

"ಅವಳು ಎಲ್ಲಿಗೂ ಹೋಗಲ್ಲ. ಹದಿನೇಳರಲ್ಲಿ ಮೂರೇ ಖಾಲಿ."

ಮೊಟ್ಟೆಯಕ್ಕ ಕೈಗವಸು ಕಳಚಿದಳು. ಸತ್ತ ನಾಲ್ಕನ್ನು ಉಳಿದವುಗಳ ನಡುವಿನಿಂದ ತೆಗೆಯಬೇಕಿತ್ತು, ಇಲ್ಲದಿದ್ದರೆ ಕೊಳೆತು ಮಿಕ್ಕವನ್ನೂ ಕೆಡಿಸುತ್ತವೆ. ಯಾರೂ ಹೇಳುವ ಮೊದಲೇ ಅವಳು ಬರಿಗೈಯಲ್ಲಿ ಒಂದೊಂದನ್ನೇ ಎತ್ತಿದಳು. ಕಾರ್ಖಾನೆಯಲ್ಲಿ ಇಂಥವನ್ನು ದಿನವೂ ಬಕೆಟ್ಟಿಗೆ ಸುರಿದಿದ್ದಳು, ಎಷ್ಟೆಂದು ಒಮ್ಮೆಯೂ ಲೆಕ್ಕ ಇಟ್ಟಿರಲಿಲ್ಲ. ಈ ನಾಲ್ಕೂ ಮೂವತ್ತೊಂದು ಡಿಗ್ರಿಯ ಮರಳಿನಿಂದ ಬಂದದ್ದರಿಂದ ಇನ್ನೂ ಬೆಚ್ಚಗಿದ್ದವು. ಅವು ತಣ್ಣಗಾಗುವ ತನಕ ಅವಳು ಅವನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು. ಡಾಕ್ಟರಮ್ಮ ಅವಳಿಗೆ ಹೊರಡಿ ಎನ್ನಲಿಲ್ಲ.